ನಿಂತಿದ್ದ ಓದಿನ ಸಾಲಕ್ಕೆ ಮತ್ತೆ ಕಂತು: ನಾನು ತಯಾರಾದ ಬಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಸಾಲ ಇನ್ನೂ ತೀರಿಲ್ಲ. ಮೂರೂಕಾಲು ಲಕ್ಷದ ಹತ್ತಿರ ಬಾಕಿ ಇದೆ. ಆದರೆ 2023ರ ಅಕ್ಟೋಬರ್‌ನಿಂದ ಇಲ್ಲಿಯವರೆಗೆ ಒಂದು ಕಂತೂ ಬೌನ್ಸ್ ಆಗಿಲ್ಲ. ಬ್ಯಾಂಕಿನ ಕಾಗದದಲ್ಲಿ ಕಂತು 8,200ರ ಆಸುಪಾಸು ಅಂತ ಇತ್ತು, ನಾನು ಕಟ್ಟುತ್ತಿರುವುದು 7,100 ಚಿಲ್ಲರೆ. ಅದೂ 17 ಸಾವಿರ ಸಂಬಳದಲ್ಲಿ ಶುರು ಮಾಡಿದ್ದು. "ಇದೆಲ್ಲ ಆಗೋ ಮಾತಲ್ಲ ಬಿಡವ್ವಾ" ಅಂದಿದ್ದ ನಮ್ಮ ಸೋದರಮಾವ ಈಗ ತಮ್ಮ ಮಗನ ಸಾಲದ ಕಾಗದ ಹಿಡ್ಕೊಂಡು ನಮ್ಮನೆಗೆ ಬರ್ತಾರೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತೇನೆ, ತಪ್ಪು ತಿಳೀಬೇಡಿ.

ಮೊರಟೋರಿಯಂ (ಕಂತಿಗೆ ಸಿಗೋ ಬಿಡುವು) ಹೇಗೆ, ಎನ್‌ಪಿಎ (ಕಟ್ಟದೇ ಕೆಟ್ಟ ಸಾಲ) ಯಾವಾಗ ಆಗುತ್ತೆ, ಇದನ್ನೆಲ್ಲ ಉದ್ದಕ್ಕೆ ವಿವರಿಸೋಕೆ ಹೋಗಲ್ಲ. ಓದಿನ ಸಾಲ ತಗೊಂಡೋರಿಗೆ ಅದು ಗೊತ್ತೇ ಇರುತ್ತೆ. ನನ್ನ ಲೆಕ್ಕ ಮಾತ್ರ ಹೇಳ್ತೀನಿ. ಎಲ್ಲ ನೆನಪಿನಿಂದ ಬರೆದದ್ದು, ನೂರಿನ್ನೂರು ಆಚೀಚೆ ಇರಬಹುದು.

ನಮ್ಮ ಊರು ಆನಗೋಡು ಕಡೆ. ಎರಡೂವರೆ ಎಕರೆ ಖುಷ್ಕಿ, ಮೆಕ್ಕೆಜೋಳ. 2016ರಲ್ಲಿ ದಾವಣಗೆರೆಯಲ್ಲೇ ಸಿವಿಲ್ ಇಂಜಿನಿಯರಿಂಗ್ ಸೇರಿದೆ. ಒಟ್ಟು ಸಾಲ 3.8 ಲಕ್ಷ. ನಾಲ್ಕು ಲಕ್ಷದ ಒಳಗೆ ಇದ್ದಿದ್ದರಿಂದ ಜಾಮೀನು ಏನೂ ಕೇಳಲಿಲ್ಲ, ಅಪ್ಪ ಸಹ ಸಾಲಗಾರ. ಓದುವಾಗ ಅಪ್ಪ ಜೋಳ ಮಾರಿದಾಗಲೆಲ್ಲ ಬಡ್ಡಿಗೆ ಅಂತ ಒಂದಿಷ್ಟು ಕಟ್ಟುತ್ತಿದ್ದರು. ಅದು 2020ರ ಮಾರ್ಚ್‌ನಲ್ಲಿ ನಿಂತಿತು. ಆ ವರ್ಷ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡೋಕೆ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತಲ್ಲ, ಊರಲ್ಲಿ ಎಲ್ಲರೂ ಕಟ್ಟೋದು ಬಿಟ್ಟರು, ನಾವೂ ಬಿಟ್ಟೆವು. ನಾನು ಪಾಸಾಗಿದ್ದು ಅದೇ ವರ್ಷ. ಕೆಲಸ ಸಿಗುತ್ತೆ ಅಂದಿದ್ದ ಕಂಪನಿ ಫೋನ್ ಎತ್ತಲಿಲ್ಲ. ಕೋರ್ಸ್ ಮುಗಿದ ಮೇಲೆ ಕಂತಿಲ್ಲದ ಒಂದು ವರ್ಷ ಇರುತ್ತೆ, ಅದೂ ಹಾಗೇ ಹೋಯ್ತು. 2021ರ ಮೇನಲ್ಲಿ ರಿಸರ್ವ್ ಬ್ಯಾಂಕ್ ಎರಡನೇ ಸಲ ಸಾಲ ಮರುಹೊಂದಾಣಿಕೆಗೆ ದಾರಿ ಬಿಟ್ಟಿತು, ಸೆಪ್ಟೆಂಬರ್ 30ರೊಳಗೆ ಕೇಳಿಕೊಂಡರೆ ಎರಡು ವರ್ಷದವರೆಗೆ ಬಿಡುವು. ಕೊನೇ ವಾರದಲ್ಲಿ ಸಹಿ ಹಾಕಿದೆವು. ಅಲ್ಲಿಗೆ ಒಟ್ಟು ಮೂರೂವರೆ ವರ್ಷ ಕಂತು ಇಲ್ಲದೇ ಕೂತ ಹಾಗಾಯ್ತು.

ಬಿಡುವು ಅಂದ್ರೆ ಪುಕ್ಕಟೆ ಅಂತ ಊರಲ್ಲಿ ಎಲ್ಲರ ನಂಬಿಕೆ. 2022ರ ದಸರಾ ಮುಗಿದ ಮೇಲೆ ಒಂದು ದಿನ ಬ್ಯಾಂಕಿಗೆ ಹೋಗಿ ಸಾಲದ ಖಾತೆಯ ಸ್ಟೇಟ್‌ಮೆಂಟ್ ಪ್ರಿಂಟ್ ತಗೊಂಡೆ. ಪಾಸ್‌ಬುಕ್ ಅಲ್ಲ, ಸಾಲದ ಖಾತೆಯದ್ದು, ಅದನ್ನು ಬೇರೆಯಾಗಿಯೇ ಕೇಳಬೇಕು. ಐದಾರು ಹಾಳೆ. ಪ್ರತಿ ತಿಂಗಳ ಕೊನೇ ತಾರೀಕಿಗೆ ಒಂದೇ ಸಾಲು: ಬಡ್ಡಿ, 3,600. ಬಡ್ಡಿ, 3,700. ಬಡ್ಡಿ, 3,900. 2020ರ ಮಾರ್ಚ್‌ನಿಂದ ಈಚೆಗೆ ಜಮೆ ಕಾಲಂ ಪೂರ್ತಿ ಖಾಲಿ. ಆ ಖಾಲಿ ಕಾಲಮ್ಮಿನ ಮೇಲೆ ಬೆರಳಿಟ್ಟುಕೊಂಡು ಕೆಳಗೆ ಬಂದೆ, ಕೊನೇ ಹಾಳೆಯಲ್ಲಿ ಬಾಕಿ 4.7 ಲಕ್ಷ ದಾಟಿತ್ತು. ಇನ್ನೊಂದು ವರ್ಷಕ್ಕೆ 5.2 ಆಗುತ್ತೆ ಅಂತ ಅಲ್ಲೇ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಲೆಕ್ಕ ಹಾಕಿದೆ. ಅದರ ಮೇಲೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ ದರ, ಆ ವರ್ಷ ಮೇನಿಂದ ಏರ್ತಾನೇ ಇತ್ತು, 4.00 ಇದ್ದದ್ದು 2023ರ ಫೆಬ್ರವರಿಗೆ 6.50ಕ್ಕೆ ಹೋಗಿ ನಿಂತಿತು. ನನ್ನದು ಎಂಸಿಎಲ್‌ಆರ್ ಸಾಲ, ಅಂದರೆ ಬ್ಯಾಂಕ್ ತನ್ನ ಖರ್ಚಿನ ಲೆಕ್ಕದ ಮೇಲೆ ಬಡ್ಡಿ ಹಾಕೋದು, ತಡವಾಗಿ ಏರುತ್ತೆ, ಆದರೆ ಏರದೇ ಬಿಡಲ್ಲ.

ಅದೇ ಹಾಳೆಗಳಲ್ಲಿ ಇನ್ನೊಂದು ಗೊತ್ತಾಯಿತು. ನಮ್ಮ ಮನೆ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದ ಒಳಗೆ, ಹಾಗಾಗಿ ಓದಿನ ವರ್ಷಗಳು ಮತ್ತು ಅದರ ಮೇಲಿನ ಒಂದು ವರ್ಷದ ಬಡ್ಡಿಗೆ ಕೇಂದ್ರ ಸರ್ಕಾರದ ಸಬ್ಸಿಡಿ ಬರಬೇಕಿತ್ತು. ಮೊದಲ ವರ್ಷಗಳದ್ದು ಜಮೆಯಾಗಿದೆ, ಆಮೇಲಿನದ್ದು ಇಲ್ಲ. ಯಾಕೆ ಅಂದ್ರೆ "ಆಗಿದ್ದ ಮ್ಯಾನೇಜರ್ ವರ್ಗಾವಣೆ ಆಗಿದ್ದಾರೆ" ಅನ್ನೋ ಉತ್ತರ. ಅರ್ಜಿ ಕೊಟ್ಟೆ, ಎರಡನೇ ಅರ್ಜಿ ಕೊಟ್ಟೆ. ಆ ದುಡ್ಡು ಇವತ್ತಿಗೂ ಬಂದಿಲ್ಲ. ನಿಮ್ಮ ಸ್ಟೇಟ್‌ಮೆಂಟ್ ತೆಗೆಸಿದಾಗ ಸಬ್ಸಿಡಿ ಸಾಲುಗಳನ್ನು ವರ್ಷ ವರ್ಷಕ್ಕೆ ಟಿಕ್ ಹಾಕಿ ನೋಡಿ. ಬಿಡುವಿನ ಎರಡು ವರ್ಷಕ್ಕೆ ಮಾತ್ರ ಅದು ಯಾರಿಗೂ ಬರಲ್ಲ, ಅದಕ್ಕೆ ಜಗಳ ಆಡಿ ಪ್ರಯೋಜನ ಇಲ್ಲ.

ಈಗ ವಿಷಯಕ್ಕೆ. ನಾನು ಮಾಡಿದ್ದು ಇಷ್ಟೇ: ಕಂತು ಶುರುವಾಗೋಕೆ ಒಂದು ವರ್ಷ ಮೊದಲೇ ಕಂತು ಕಟ್ಟೋಕೆ ಶುರು ಮಾಡಿದೆ. ಮೊದಲು ಎರಡು ಸಾವಿರ. ಎರಡು ತಿಂಗಳಿಗೊಮ್ಮೆ ಏರಿಸ್ತಾ ಹೋಗೋದು, ಎರಡು, ಮೂರು, ನಾಲ್ಕು, ಐದು, ಆರೂವರೆ, ಕೊನೇ ಎರಡು ತಿಂಗಳು ಪೂರ್ತಿ ಎಂಟು. ಇದಕ್ಕೆ ನನ್ನ ತಮ್ಮ ಇಟ್ಟ ಹೆಸರು ಸೋಗಿನ ಕಂತು. "ಅಕ್ಕಾ, ಸೋಗಿನ ಕಂತು ಕಟ್ಟಿದ್ಯಾ?" ಅಂತ ಪ್ರತಿ ತಿಂಗಳು ಕಾಡೋನು. ಕಟ್ಟಿದ ದುಡ್ಡಲ್ಲಿ ಅರ್ಧ ನೇರ ಸಾಲದ ಖಾತೆಗೆ, ಅರ್ಧ ಬೇರೆ ಬ್ಯಾಂಕಿನ ಒಂದು ಖಾತೆಗೆ. ಆ ಬೇರೆ ಖಾತೆಯಲ್ಲಿ ಮೂರು ಕಂತಿನಷ್ಟು, ಅಂದರೆ ಹೆಚ್ಚುಕಡಿಮೆ 24 ಸಾವಿರ ಕೂಡೋವರೆಗೆ ಮಾತ್ರ ಅರ್ಧ. ಕೂಡಿದ ಮೇಲೆ ಪೂರ್ತಿ ಸಾಲಕ್ಕೆ. ಬೇರೆ ಬ್ಯಾಂಕೇ ಯಾಕೆ ಅಂದ್ರೆ, ಸಾಲ ಇರೋ ಬ್ಯಾಂಕಿನಲ್ಲೇ ಇಟ್ಟರೆ ಒಂದು ಕಂತು ತಡವಾದರೂ ಅವರೇ ಹಿಡ್ಕೋಬಹುದು. ಆಮೇಲೆ ಆ ದುಡ್ಡು ನನ್ನ ಕೈಲಿಲ್ಲ.

ಇದನ್ನ ಕೇಳಿದವರೆಲ್ಲ ನಕ್ಕರು. ಕಾಲೇಜಿನ ಗೆಳೆಯರ ವಾದ: ಹನ್ನೊಂದು ಪರ್ಸೆಂಟ್ ಬಡ್ಡಿಯ ಐದು ಲಕ್ಷಕ್ಕೆ ತಿಂಗಳಿಗೆ ಎರಡು ಸಾವಿರದಲ್ಲಿ ಅರ್ಧ ಹಾಕಿದರೆ ಏನಾಗುತ್ತೆ, ಬಡ್ಡಿಯ ಕಾಲು ಭಾಗವೂ ಇಲ್ಲ. ಲೆಕ್ಕ ಸರಿಯೇ. ನಾನು ಸಾವಿರ ಹಾಕಿದ ತಿಂಗಳು ನಾಲ್ಕು ಸಾವಿರ ಬಡ್ಡಿ ಬಿದ್ದು ಬಾಕಿ ಏರಿಯೇ ಇತ್ತು. ಆದರೆ ನನಗೆ ಬೇಕಿದ್ದದ್ದು ಬಾಕಿ ಇಳಿಸೋದಕ್ಕಿಂತ ಮೊದಲು, 17 ಸಾವಿರದಲ್ಲಿ ಎಂಟು ಸಾವಿರ ಇಲ್ಲದೇ ಬದುಕೋಕೆ ಆಗುತ್ತಾ ಅಂತ ತಿಳ್ಕೊಳ್ಳೋದು. ಒಂದೇ ಏಟಿಗೆ ಎಂಟು ಸಾವಿರ ಹೋದರೆ ಮೂರನೇ ತಿಂಗಳಿಗೆ ಯಾರ ಹತ್ರಾದ್ರೂ ಕೈ ಚಾಚಬೇಕಾಗುತ್ತೆ. ನನ್ನ ಜೊತೆಗೆ ಓದಿದ ಇಬ್ಬರಿಗೆ ಅದೇ ಆಯ್ತು.

ಮಾವನ ಸಲಹೆ ಬೇರೆ ಇತ್ತು. ಅಮ್ಮನ ಸರ ಅಡ ಇಟ್ಟು ಸಾಲ ಪೂರ್ತಿ ತೀರಿಸಿಬಿಡಿ, ಬಂಗಾರದ ಸಾಲಕ್ಕೆ ಬಡ್ಡಿ ಕಡಿಮೆ. ಅಮ್ಮನ ಸರ ಇರೋದು ಎರಡು ಎಳೆ, ಅದಕ್ಕೆ ಸಿಗೋದು ಅರ್ಧ ಸಾಲಕ್ಕೂ ಸಾಲಲ್ಲ. ವರ್ಷಕ್ಕೊಮ್ಮೆ ಬಡ್ಡಿ ಕಟ್ಟಿ ಮತ್ತೆ ಇಡಬೇಕು. ಅದಕ್ಕಿಂತ ಜಾಸ್ತಿ, ಅಮ್ಮ ಬರಿ ಕೊರಳಲ್ಲಿ ಓಡಾಡಿದ್ರೆ ಊರಿಗೆಲ್ಲ ನಮ್ಮ ಲೆಕ್ಕ ಗೊತ್ತಾಗುತ್ತೆ. ಅತ್ತೆಯ ಸಲಹೆ ಇನ್ನೂ ಚೆನ್ನಾಗಿತ್ತು: "ಆ ದುಡ್ಡು ಕೂಡಿಟ್ಟು ಮದುವೆಗೆ ಇಡವ್ವಾ, ಸಾಲ ಗಂಡ ನೋಡ್ಕೋತಾನೆ." ಆ ಗಂಡ ಯಾರು, ಎಲ್ಲಿದ್ದಾನೆ, ಅವನ ಸಾಲ ಎಷ್ಟಿದೆ ಅಂತ ಅತ್ತೆಗೂ ಗೊತ್ತಿಲ್ಲ.

ಒಬ್ಬ ಗೆಳೆಯ ಮಾತ್ರ ದೊಡ್ಡ ಜಾಣನ ಹಾಗೆ ಹೇಳಿದ: ಕಟ್ಟಲೇಬೇಡ, ಎನ್‌ಪಿಎ ಆಗ್ಲಿ, ಆಮೇಲೆ ಬ್ಯಾಂಕಿನವರೇ ಕರೆದು ಅರ್ಧಕ್ಕೆ ಸೆಟ್ಲ್ ಮಾಡ್ತಾರೆ. ಅವನು ಹಾಗೇ ಮಾಡಿದ, ಅರ್ಧಕ್ಕೆ ಆಗಲಿಲ್ಲ, ಮುಕ್ಕಾಲಿಗೆ ಆಯ್ತು. ಈಗ ಅವನ ಸಿಬಿಲ್‌ನಲ್ಲಿ, ಅಂದರೆ ಸಾಲ ಕಟ್ಟಿದ ಚರಿತ್ರೆಯ ವರದಿಯಲ್ಲಿ, 'ಸೆಟ್ಲ್ಡ್' ಅಂತ ಬಿದ್ದಿದೆ, ಬೈಕ್ ಸಾಲಕ್ಕೂ ಅವನ ತಂದೆಯ ಹೆಸರಲ್ಲಿ ಹೋಗಬೇಕು. ನನಗೆ ಆ ದಾರಿ ಮೊದಲೇ ಮುಚ್ಚಿತ್ತು. ಅಪ್ಪನ ಬೆಳೆಸಾಲ ಅದೇ ಶಾಖೆಯಲ್ಲಿದೆ, ವರ್ಷ ವರ್ಷ ಹೊಸದು ಮಾಡಿಸಬೇಕು. ಓದಿನ ಸಾಲದಲ್ಲಿ ಅಪ್ಪನ ಹೆಸರೂ ಇದೆ. ನಾನು ತೊಂಬತ್ತು ದಿನ ಕಟ್ಟದಿದ್ದರೆ ಅಪ್ಪನಿಗೆ ಬಿತ್ತನೆ ಬೀಜಕ್ಕೆ ದುಡ್ಡು ಹುಟ್ಟಲ್ಲ. ಸಹ ಸಾಲಗಾರರು ರೈತರಾಗಿದ್ದರೆ ಇದನ್ನು ಮೊದಲು ಯೋಚನೆ ಮಾಡಿ, ಉಳಿದದ್ದು ಆಮೇಲೆ.

ಸೋಗಿನ ಕಂತಿಗೆ ಮುಂಚೆಯೂ, ಅದರ ಜೊತೆಗೂ ಬೇರೆ ಬೇರೆ ಪ್ರಯತ್ನ ಆಗಿತ್ತು, ಎಲ್ಲ ಕೆಟ್ಟವು. ಒಂದು ಚೀಟಿ. ನಮ್ಮ ಆಫೀಸಿನ ಹತ್ತಿರದವರು ನಡೆಸುತ್ತಿದ್ದರು, ತಿಂಗಳಿಗೆ ಎರಡು ಸಾವಿರ, ಇಪ್ಪತ್ತು ಜನ. ನನ್ನ ಯೋಚನೆ ಕೊನೇಲಿ ಎತ್ತಿ ಪೂರ್ತಿ ಸಾಲಕ್ಕೆ ಹಾಕೋದು. ಎಂಟೊಂಬತ್ತು ತಿಂಗಳಾದ ಮೇಲೆ ಚೀಟಿ ಎತ್ತಿದವರು ಕಟ್ಟೋದು ನಿಲ್ಲಿಸಿದರು, ನಡೆಸೋರು "ಮುಂದಿನ ವಾರ, ಮುಂದಿನ ವಾರ" ಅಂದರು. ಕೊನೆಗೆ ಹಾಕಿದ್ದರಲ್ಲಿ ಹತ್ತಿರ ಹತ್ತಿರ ಆರು ಸಾವಿರ ಬರಲೇ ಇಲ್ಲ. ಆ ಮಂದಿ ಈಗಲೂ ವಿದ್ಯಾರ್ಥಿ ಭವನ ಸರ್ಕಲ್ ಹತ್ರ ಸಿಕ್ಕರೆ ನಗುತ್ತಾರೆ, ನಾನೂ ನಗುತ್ತೇನೆ.

ಇನ್ನೊಂದು ಅಂಚೆ ಕಚೇರಿಯ ಆರ್‌ಡಿ. ಅಮ್ಮನಿಗೆ ಏಜೆಂಟ್ ಹೇಳಿ ಮಾಡಿಸಿದ್ದು. ಭದ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಐದು ವರ್ಷದ್ದು, ಮೂರು ವರ್ಷ ಆಗೋವರೆಗೆ ಮುರಿಯೋ ಹಾಗಿಲ್ಲ. ಹನ್ನೆರಡು ಕಂತಾದ ಮೇಲೆ ಕಟ್ಟಿದ್ದರ ಅರ್ಧದಷ್ಟು ಸಾಲ ಕೊಡ್ತಾರೆ, ಅಂದರೆ ಸಾಲ ತೀರಿಸೋಕೆ ಇಟ್ಟ ದುಡ್ಡಿನ ಮೇಲೆ ಇನ್ನೊಂದು ಸಾಲ. ಬಡ್ಡಿ ಆಗ ಆರರ ಆಸುಪಾಸು, ನನ್ನ ಸಾಲದ ಬಡ್ಡಿ ಹನ್ನೊಂದು. ಈ ವ್ಯತ್ಯಾಸ ಒಂದು ಗೊತ್ತಿದ್ದರೆ ಎಫ್‌ಡಿಯಲ್ಲಿಡಲಾ, ಆರ್‌ಡಿಯಲ್ಲಿಡಲಾ ಅಂತ ತಲೆ ಕೆಡಿಸಿಕೊಳ್ಳೋ ಅಗತ್ಯವೇ ಇಲ್ಲ. ಕೈಲಿ ಬೇಕಾದ ಮೂರು ಕಂತು ಬಿಟ್ಟು ಉಳಿದದ್ದಕ್ಕೆ ಸಾಲದ ಖಾತೆಗಿಂತ ಒಳ್ಳೆ ಜಾಗ ಇಲ್ಲ.

ಮೂರನೆಯದು ಜೋಳದ ಪ್ರಯೋಗ. ಇದು ಸಾಲದ ವಿಷಯ ಅಲ್ಲ, ಆದರೂ ಹೇಳ್ತೀನಿ. 2022ರ ಬೆಳೆ ಸುಮಾರು ನಲವತ್ತು ಕ್ವಿಂಟಾಲ್ ಬಂತು. ಆ ವರ್ಷ ಸರ್ಕಾರದ ಬೆಂಬಲ ಬೆಲೆ 1,962. ಎಪಿಎಂಸಿಯಲ್ಲಿ ಎರಡು ಸಾವಿರದ ಆಚೀಚೆ ಓಡ್ತಿತ್ತು. ನಾನು ಅಪ್ಪನಿಗೆ ಗಂಟು ಬಿದ್ದೆ: ಎಲ್ಲ ಮಾರಬೇಡಿ, ಎಂಟು ಹತ್ತು ಕ್ವಿಂಟಾಲ್ ಇಡೋಣ, ಮಾರ್ಚ್‌ಗೆ ರೇಟ್ ಏರುತ್ತೆ, ಏರಿದ್ದು ನನ್ನ ಸಾಲಕ್ಕೆ. ಅಪ್ಪ ಒಪ್ಪಿದರು. ರೇಟ್ ಏರಿತು, ನಿಜ, ಕ್ವಿಂಟಾಲಿಗೆ ನೂರೋ ನೂರೈವತ್ತೋ. ಆದರೆ ಒಣಗಿ ತೂಕ ಇಳಿದಿತ್ತು, ಅಡಿಯ ಎರಡು ಚೀಲಕ್ಕೆ ನುಸಿ ಹತ್ತಿತ್ತು. ಚೀಲ ಬಿಚ್ಚಿದಾಗ ಹಿಟ್ಟು ಉದುರಿತು. ಬಾಡಿಗೆ, ಹಮಾಲಿ ಎಲ್ಲ ಕಳೆದು ನೋಡಿದರೆ ಡಿಸೆಂಬರ್‌ನಲ್ಲಿ ಮಾರಿದ್ದಕ್ಕಿಂತ ಐನೂರು ಕಡಿಮೆ. ಅಪ್ಪ ಏನೂ ಅನ್ನಲಿಲ್ಲ. ಅಮ್ಮ ಮಾತ್ರ ಈಗಲೂ ಅಕ್ಕಿಯಲ್ಲಿ ಹುಳ ಕಂಡರೆ "ಸಾಲಕ್ಕೆ ಜಮೆ ಮಾಡು" ಅಂತಾರೆ. ಉಳಿದ ಜೋಳ ಮಾರಿದ ದುಡ್ಡಿನಲ್ಲಿ ಅಪ್ಪ ನನಗೆ ಅಂತ ಇಪ್ಪತ್ತೈದು ಸಾವಿರ ಕೊಟ್ಟರು. ಅದನ್ನು ಜನವರಿಯಲ್ಲಿ ಒಂದೇ ಸಲಕ್ಕೆ ಸಾಲಕ್ಕೆ ಹಾಕಿದೆ. ಆ ತಿಂಗಳ ಕೊನೆಗೆ ಸ್ಟೇಟ್‌ಮೆಂಟ್‌ನಲ್ಲಿ ಬಾಕಿ ಮೊದಲ ಸಲ ಇಳಿದಿತ್ತು.

ಸಾಲಕ್ಕೆ ಮುಂಚೆಯೇ ಕಟ್ಟೋದು ಅಷ್ಟು ಸುಲಭ ಇರಲಿಲ್ಲ. ಕೌಂಟರಿನಲ್ಲಿ ಸ್ಲಿಪ್ ಕೊಟ್ಟರೆ "ಈ ಖಾತೆಗೆ ಈಗ ಕಟ್ಟೋ ಹಾಗಿಲ್ಲಮ್ಮ, ಅಕ್ಟೋಬರ್ ಆದ ಮೇಲೆ ಬಾ" ಅಂತ ವಾಪಸ್ ಕಳಿಸಿದರು. ನಾನು ಮನೆಗೆ ಬಂದು ಬೇರೆ ಬ್ಯಾಂಕಿನ ಖಾತೆಯಿಂದ ಸಾಲದ ಖಾತೆ ಸಂಖ್ಯೆಗೇ ನೂರು ರೂಪಾಯಿ ನೆಫ್ಟ್ ಮಾಡಿದೆ. ಹೋಯ್ತು. ಮುಂದಿನ ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ನೂರು ರೂಪಾಯಿ ಜಮೆ ಕಾಲಮ್ಮಿನಲ್ಲಿ ಕೂತಿತ್ತು. ಆ ಪ್ರಿಂಟ್ ತೋರಿಸಿದ ಮೇಲೆ ಕೌಂಟರಿನವರು ಸುಮ್ಮನಾದರು. ನೀವೂ ಮೊದಲು ಸಣ್ಣ ಮೊತ್ತ ಹಾಕಿ ನೋಡಿ. ಬೇರೆ ಕಡೆ ಜಮೆಯಾದರೆ ನೂರು ಹೋಗುತ್ತೆ, ಇಪ್ಪತ್ತೈದು ಸಾವಿರ ಹೋಗಲ್ಲ.

ದುಡ್ಡು ಎಲ್ಲಿಂದ ಬಂತು ಅಂತ ಎಲ್ಲರೂ ಕೇಳ್ತಾರೆ. ಸಂಬಳ 17 ಸಾವಿರ, ಪಿ.ಜೆ. ಬಡಾವಣೆಯ ಒಂದು ಪ್ಲಾನ್ ಆಫೀಸಿನಲ್ಲಿ ಆಟೊಕ್ಯಾಡ್ ಕೆಲಸ. ಊರಿಂದಲೇ ಓಡಾಟ, ಬಾಡಿಗೆ ಇಲ್ಲ, ಅದೇ ನನ್ನ ದೊಡ್ಡ ಅನುಕೂಲ. ರಾತ್ರಿ ಮನೇಲಿ ಕೂತು ಬೇರೆಯವರ ಮನೆ ನಕ್ಷೆ ಎಳೆದು ಕೊಡ್ತಿದ್ದೆ, ಒಂದು ಶೀಟಿಗೆ ಮುನ್ನೂರು ನಾನೂರು. ವರ್ಷಕ್ಕೆ ಹನ್ನೆರಡು ಸಾವಿರದಷ್ಟು ಬಂತು. ಡಿಪ್ಲೊಮಾ ಹುಡುಗರಿಗೆ ಡ್ರಾಯಿಂಗ್ ಟ್ಯೂಷನ್ ಹೇಳಿ ನೋಡಿದೆ, ಎರಡು ತಿಂಗಳಿಗೆ ಬಿಟ್ಟೆ. ಅರ್ಧ ಹುಡುಗರು ಫೀಸ್ ಕೊಡಲಿಲ್ಲ, ಇನ್ನರ್ಧ ಶೀಟ್ ನನ್ನ ಕೈಲೇ ಎಳೆಸಿಕೊಂಡು ಹೋಗ್ತಿದ್ದರು. ಖರ್ಚು ಕಡಿತ ಮಾಡಿದ್ದು ಬಟ್ಟೆ, ಫೋನ್, ಗೆಳತಿಯರ ಮದುವೆ ಉಡುಗೊರೆ. ಬೆಣ್ಣೆದೋಸೆ ಕಡಿತ ಮಾಡಲಿಲ್ಲ. ತಿಂಗಳಿಗೊಮ್ಮೆ ಸಂಬಳ ಬಂದ ಶನಿವಾರ ಒಂದು ಬೆಣ್ಣೆದೋಸೆ, ಅದನ್ನೂ ಬಿಟ್ಟು ಸಾಲ ತೀರಿಸಬೇಕು ಅನ್ನೋರ ಜೊತೆ ನಾನು ವಾದ ಮಾಡಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ನನಗೆ ಬಸ್ಸಿಗೆ ತಿಂಗಳಿಗೆ ಸಾವಿರದ ಮೇಲೆ ಹೋಗ್ತಿತ್ತು. ಸರ್ಕಾರಿ ಬಸ್ಸಿಗೆ ಕಾದರೆ ಸೊನ್ನೆ. ಕಾಯೋದು ಅಂದ್ರೆ ಬೆಳಗ್ಗೆ ಇಪ್ಪತ್ತು ನಿಮಿಷ ಮುಂಚೆ ಹೆದ್ದಾರಿಗೆ ಬರಬೇಕು, ಯಾಕಂದ್ರೆ ಪ್ರೈವೇಟ್ ಬಸ್ಸೇ ಮೊದಲು ಬರೋದು. ಉಳಿದ ಸಾವಿರ ಅದೇ ತಿಂಗಳಿಂದ ಸೋಗಿನ ಕಂತಿಗೆ ಸೇರಿಸಿದೆ, ಐದು ಇದ್ದದ್ದು ಆರೂವರೆಗೆ ಹೋಗೋಕೆ ಅದೇ ದಾರಿ ಆಯ್ತು. ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಶುರುವಾಯ್ತು, ಅಮ್ಮನ ಹೆಸರಿಗೆ ಎರಡು ಸಾವಿರ. ಅದನ್ನು ನಾನು ಮುಟ್ಟಲಿಲ್ಲ, ಆದರೆ ಮನೆ ದಿನಸಿಗೆ ನನ್ನ ಕೈಯಿಂದ ಹೋಗ್ತಿದ್ದದ್ದು ಕಡಿಮೆಯಾಯ್ತು. ಮನೆಗೆ ಬರೋ ಯಾವ ಹೊಸ ದುಡ್ಡೇ ಆದರೂ ಮೊದಲ ತಿಂಗಳಲ್ಲೇ ಅದಕ್ಕೊಂದು ಜಾಗ ಮಾಡಬೇಕು. ಎರಡನೇ ತಿಂಗಳಿಗೆ ಅದು ಎಲ್ಲಿ ಹೋಯ್ತು ಅಂತ ದೇವರಿಗೂ ಗೊತ್ತಾಗಲ್ಲ.

ಜುಲೈ ಹೊತ್ತಿಗೆ ಸಾಲದ ಖಾತೆಗೆ ಸೇರಿದ್ದು ಐವತ್ತು ಸಾವಿರದ ಹತ್ತಿರ. ಇನ್ನು ಕಂತು ತಾನೇ ಕಡಿಮೆಯಾಗುತ್ತೆ ಅಂದುಕೊಂಡರೆ, ಇಲ್ಲ. ಮರುಹೊಂದಾಣಿಕೆ ಪತ್ರದಲ್ಲಿ 8,200 ಅಂತ ಬರೆದಿದ್ದಾರೆ, ಕಂಪ್ಯೂಟರ್ ಅದನ್ನೇ ಹಿಡಿಯುತ್ತೆ. ಜಾಸ್ತಿ ಕಟ್ಟಿದ್ದು ಕೊನೇ ಕಂತುಗಳಲ್ಲಿ ಕಳೆಯುತ್ತೆ ಅಷ್ಟೆ. ಕೆಲವರಿಗೆ ಅದೇ ಒಳ್ಳೇದು, ಬೇಗ ತೀರುತ್ತೆ. ನನಗೆ ಆಗ ಬೇಕಿದ್ದದ್ದು ಕಡಿಮೆ ಕಂತು, ಯಾಕಂದ್ರೆ ತಿಂಗಳ ಉಸಿರು ಮುಖ್ಯ. ಉಳಿದ ದುಡ್ಡು ಬಂದಾಗ ನಾನೇ ಹಾಕ್ತೀನಿ. ಬದಲಾಗೋ ಬಡ್ಡಿಯ ಇಂಥ ಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕೋ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ.

ಮ್ಯಾನೇಜರ್ ಹತ್ರ ಹೋದೆ. "ಮೊದಲು ಶುರುವಾಗಲಿ, ಆಮೇಲೆ ನೋಡೋಣ" ಅಂದರು. ಆಮೇಲೆ ಅನ್ನೋದು ಬ್ಯಾಂಕಿನಲ್ಲಿ ಯಾವತ್ತೂ ಬರಲ್ಲ. ಅರ್ಜಿ ಬರೆದೆ, ಎರಡು ಪ್ರತಿ, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡೆ. ಮೊಹರು ಹಾಕೋಕೆ ಅರ್ಧ ಗಂಟೆ ಕೂರಿಸಿದರು, ಕೂತೆ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು, 2021ರ ನವೆಂಬರ್‌ನಿಂದ ಎಲ್ಲ ಬ್ಯಾಂಕಿಗೂ ಒಂದೇ ವ್ಯವಸ್ಥೆ. ಅದನ್ನು ಅರ್ಜಿಯಲ್ಲಿ ಹೆದರಿಕೆಯ ಹಾಗೆ ಬರೆಯಲಿಲ್ಲ. ಬೇರೆ ಒಂದು ಸಾಲು ಬರೆದೆ. ಆ ಸಾಲು ಏನು ಅಂತ ಇಲ್ಲಿ ಹೇಳಲ್ಲ, ಕೌಂಟರಿನ ಆ ಕಡೆ ಕೂತವರೂ ಇದನ್ನ ಓದ್ತಾರೆ. ಗುರುತಿನವರು ಕೇಳಿದರೆ ಹೇಳ್ತೀನಿ. ಇಪ್ಪತ್ತು ದಿನದ ಮೇಲೆ ಫೋನ್ ಬಂತು, ಸೆಪ್ಟೆಂಬರ್ ಕೊನೆಯ ಬಾಕಿಯ ಮೇಲೆ ಹೊಸ ಕಂತು ಹಾಕಿಕೊಟ್ಟರು. ಬಾಕಿ ನಾಲ್ಕೂವರೆ ಲಕ್ಷ, ಕಂತು 7,100 ಚಿಲ್ಲರೆ, ಎಂಟು ವರ್ಷ.

ಮೊದಲ ಕಂತು ಅಕ್ಟೋಬರ್ 5. ಇಲ್ಲಿ ಎರಡು ವಿಷಯ. ನನ್ನ ಸಂಬಳ ಬರೋದು ಏಳರಿಂದ ಹನ್ನೆರಡರ ಒಳಗೆ ಯಾವತ್ತಾದರೂ. ತಾರೀಕು ಬದಲಿಸಿ ಅಂದರೆ ಆಗಲ್ಲ ಅಂದರು. ಹಾಗಾಗಿ ಒಂದು ಕಂತಿನ ದುಡ್ಡು ಖಾತೆಯಲ್ಲಿ ಯಾವಾಗಲೂ ಮಲಗಿರಬೇಕು, ಈ ತಿಂಗಳ ಸಂಬಳ ಮುಂದಿನ ತಿಂಗಳ ಕಂತಿಗೆ. ಎರಡನೆಯದು ಆಟೊ ಡೆಬಿಟ್. ಕಾಗದಕ್ಕೆ ಆಗಸ್ಟ್‌ನಲ್ಲೇ ಸಹಿ ಹಾಕಿದ್ದೆ. ಆದರೂ ಮೊದಲ ತಿಂಗಳಿಗೆ ಅದು ಚಾಲ್ತಿಗೆ ಬಂದಿರಲಿಲ್ಲ, ಸಹಿ ಹೊಂದಿಲ್ಲ ಅಂತ ವಾಪಸ್ ಬಂದಿತ್ತಂತೆ, ಯಾರೂ ಹೇಳಲಿಲ್ಲ. ನಾನು ಮೂರನೇ ತಾರೀಕೇ ಫೋನ್ ಮಾಡಿ ವಿಚಾರಿಸಿದ್ದರಿಂದ ಗೊತ್ತಾಯ್ತು, ನಾಲ್ಕಕ್ಕೆ ಕೈಯಾರೆ ಕಟ್ಟಿದೆ. ಇಲ್ಲದಿದ್ದರೆ ಮೂರೂವರೆ ವರ್ಷದ ಮೇಲೆ ಮೊದಲ ಕಂತೇ ತಪ್ಪಿದ ದಾಖಲೆ ಆಗ್ತಿತ್ತು.

ಆಮೇಲೆ ನಿಜವಾದ ಪರೀಕ್ಷೆ. ಆ ವರ್ಷ ಮಳೆ ಕೈಕೊಟ್ಟಿತು, ಸೆಪ್ಟೆಂಬರ್‌ನಲ್ಲಿ ಸರ್ಕಾರ 195 ತಾಲ್ಲೂಕು ಬರಪೀಡಿತ ಅಂತ ಘೋಷಿಸಿತು, ಆಮೇಲೆ ಇನ್ನೂ ಸೇರಿಸಿತು. ನಮ್ಮ ಹೊಲದಲ್ಲಿ ಜೋಳ ಮೊಣಕಾಲೆತ್ತರಕ್ಕೆ ಬಂದು ನಿಂತಿತು. ತೆನೆ ಹಿಡಿದದ್ದು ಹೆಬ್ಬೆರಳಷ್ಟು, ಅದರಲ್ಲೂ ಅರ್ಧ ಕಾಳಿಲ್ಲ. ದನಕ್ಕೆ ಕೊಯ್ದು ಹಾಕಿದೆವು. ಜನವರಿಯಲ್ಲಿ ಬರಬೇಕಿದ್ದ ಇಪ್ಪತ್ತೈದು ಸಾವಿರ ಇಲ್ಲ, ಬದಲಿಗೆ ಮನೆ ಖರ್ಚಿಗೆ ನಾನೇ ಕೊಡಬೇಕಾಯ್ತು. ಆ ಮೂರು ಕಂತಿನ ಖಾತೆ ಆಗ ಕೆಲಸಕ್ಕೆ ಬಂತು. ಡಿಸೆಂಬರ್, ಜನವರಿ ಎರಡು ಕಂತು ಪೂರ್ತಿ ಅದರಿಂದಲೇ ಹೋಯ್ತು. ಮತ್ತೆ ತುಂಬಿಸೋಕೆ ಆರು ತಿಂಗಳು ಹಿಡಿಯಿತು. ನಡುವೆ 2024ರ ಮಾರ್ಚ್‌ನಲ್ಲಿ ದುಗ್ಗಮ್ಮನ ಜಾತ್ರೆ, ಎರಡು ವರ್ಷಕ್ಕೊಮ್ಮೆ ಬರೋದು, ದಾವಣಗೆರೆಯಲ್ಲಿ ಅತ್ತೆ ಮನೆ ಇದೆ, ನೆಂಟರೆಲ್ಲ ಬರ್ತಾರೆ, ಕೈ ಬಿಗಿ ಹಿಡಿಯೋಕೆ ಆಗಲ್ಲ. ಹೇಗೆ ನಿಭಾಯಿಸಿದೆ ಅಂತ ಕೇಳಬೇಡಿ. ಖಾತೆಯ ಎಟಿಎಂ ಕಾರ್ಡ್ ಅಮ್ಮನ ಟ್ರಂಕಿನಲ್ಲಿತ್ತು, ಬೀಗದ ಕೈ ಅಪ್ಪನ ಹತ್ರ. ಇಷ್ಟು ಹೇಳಬಲ್ಲೆ.

ಓದಿನ ಸಾಲದ ಬಡ್ಡಿಗೆ ಸಿಗೋ ತೆರಿಗೆ ವಿನಾಯಿತಿ ಬಗ್ಗೆ ಎರಡೇ ಮಾತು. ಕಟ್ಟಿದ ಬಡ್ಡಿಗೆ ಎಂಟು ವರ್ಷದವರೆಗೆ, ಮಿತಿ ಇಲ್ಲದೆ, ಆದರೆ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ನನ್ನ ಸಂಬಳಕ್ಕೆ ತೆರಿಗೆಯೇ ಇಲ್ಲ. ಬೆಂಗಳೂರಿನಲ್ಲಿರೋರು ಇದನ್ನೇ ದೊಡ್ಡದು ಮಾಡಿ ಹೇಳ್ತಾರೆ, ಹೊಸ ಪದ್ಧತಿಗೆ ಹೋದ ಮೇಲೆ ಅವರಿಗೂ ಸಿಗಲ್ಲ.

ನಾನು ಹೆಮ್ಮೆ ಪಡೋ ಇನ್ನೊಂದು ಕೆಲಸ ಬಡ್ಡಿ ಬದಲಿಸಿದ್ದು. ನನ್ನ ಸಾಲ ಎಂಸಿಎಲ್‌ಆರ್‌ಗೆ ಕಟ್ಟಿದ್ದು ಅಂದೆನಲ್ಲ. 2019ರ ಅಕ್ಟೋಬರ್‌ನಿಂದ ಬಡ್ಡಿ ಬದಲಾಗೋ ಇಂಥ ಹೊಸ ವೈಯಕ್ತಿಕ ಸಾಲಗಳೆಲ್ಲ ರೆಪೊ ಥರದ ಹೊರಗಿನ ದರಕ್ಕೆ, ಹಳಬರೂ ಬೇಕಾದರೆ ಬದಲಾಗಬಹುದು. 2023ರಲ್ಲಿ ಗೆಳೆಯರು ಬದಲಿಸು ಬದಲಿಸು ಅಂದರು. ರೆಪೊ ಏರಿ ಕೂತಿರೋ ಹೊತ್ತಿಗೆ ಯಾರಾದ್ರೂ ಅದಕ್ಕೆ ಹೋಗ್ತಾರಾ? ತಡವಾಗಿ ಏರಿದ್ದು ತಡವಾಗಿಯೇ ಇಳಿಯುತ್ತೆ, ಹಾಗಾಗಿ ಏರೋವಾಗ ಹಳೇದರಲ್ಲಿ ಇದ್ದು ಇಳಿಯೋ ಮುಂಚೆ ಹೊಸದಕ್ಕೆ ಹಾರಬೇಕು. 2024ರ ಕೊನೆಗೆ ಅರ್ಜಿ ಹಾಕಿದೆ, ಸಣ್ಣ ಶುಲ್ಕ ತಗೊಂಡರು. 2025ರ ಫೆಬ್ರವರಿಯಿಂದ ಜೂನ್ ಒಳಗೆ ರೆಪೊ 6.50ರಿಂದ 5.50ಕ್ಕೆ ಬಂತು, ನನ್ನ ಬಡ್ಡಿಯೂ ಒಂದು ಪರ್ಸೆಂಟ್ ಇಳಿಯಿತು. ಯಾವಾಗ ಹಾರಬೇಕು ಅಂತ ನನಗೆ ಹೇಗೆ ಗೊತ್ತಾಯ್ತು ಅಂದ್ರೆ, ಅದೃಷ್ಟ ಅರ್ಧ, ಪೇಪರ್ ಓದಿದ್ದು ಅರ್ಧ. ಬಡ್ಡಿ ಇಳಿದಾಗ ಕಂತು ಇಳಿಸಬೇಕಾ, ವರ್ಷ ಕಡಿಮೆ ಮಾಡಬೇಕಾ ಅನ್ನೋ ಪ್ರಶ್ನೆ ಬರುತ್ತೆ. ಈ ಸಲ ಕಂತು ಹಾಗೇ ಇರಲಿ, ವರ್ಷ ಕಡಿಮೆ ಮಾಡಿ ಅಂದೆ. ಈಗ ಸಂಬಳ 22 ಸಾವಿರ ಆಗಿದೆ, 7,100 ಅಷ್ಟು ಕಚ್ಚಲ್ಲ.

ಸಿಬಿಲ್ ಮಾತ್ರ ಇನ್ನೂ ಪೂರ್ತಿ ಸರಿಯಾಗಿಲ್ಲ. ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಕೊಡಬೇಕು, ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಕೂಡ. ನಾಲ್ಕನ್ನೂ ತೆಗೆದು ನೋಡಿದೆ. ಮೂರರಲ್ಲಿ ಎಲ್ಲ ಕಂತು ಸಮಯಕ್ಕೆ ಅಂತಿದೆ, ಜೊತೆಗೆ ಮರುಹೊಂದಾಣಿಕೆ ಆದ ಸಾಲ ಅನ್ನೋ ಗುರುತು. ನಾಲ್ಕನೆಯದರಲ್ಲಿ ನಾನು ಕೈಯಾರೆ ಕಟ್ಟಿದ ಆ ಮೊದಲ ಕಂತು ತಡ ಅಂತ ತೋರಿಸ್ತಿತ್ತು. ಸ್ಲಿಪ್‌ನ ಫೋಟೊ ಹಾಕಿ ತಕರಾರು ಸಲ್ಲಿಸಿದ್ದೀನಿ. ಬ್ಯಾಂಕಿನವರು ಒಪ್ಪಿ ಕಳಿಸಿದರೆ ಸರಿಹೋಗುತ್ತಂತೆ. ಮಾವನ ಮಗನಿಗೆ ಮೊನ್ನೆ ನಾನು ಮೊದಲು ಹೇಳಿದ್ದೂ ಅದೇ, ಕಟ್ಟಿದ ಸ್ಲಿಪ್‌ಗಳ ಮಸಿ ಎರಡು ವರ್ಷಕ್ಕೆ ಅಳಿಸಿ ಹೋಗುತ್ತೆ, ಅವತ್ತೇ ಫೋಟೊ ತೆಗೆದು ಇಟ್ಕೋ ಅಂತ. ಅವನ ಕಂತು ಮುಂದಿನ ಜೂನ್‌ಗೆ ಶುರು. ಈ ತಿಂಗಳು ಅವನೂ ಎರಡು ಸಾವಿರ ಹಾಕಿದ್ದಾನೆ, ಮಾವ ಜೊತೆಗೆ ಹೋಗಿ ಹಾಕಿಸಿದ್ದು.